ಗುಂಡಿಯ ಫೋನು, ಗಾಜಿನ ಫೋನು

ಪಾತ್ರೆ ಅಂಗಡಿಯಲ್ಲಿ ನಮ್ಮನ್ನು ನೋಡಬೇಕು. ಒಂದು ಕುಕ್ಕರ್ ಕೊಳ್ಳುವ ಮೊದಲು ತಳವನ್ನು ಬೆರಳಿನಿಂದ ತಟ್ಟಿ, ಹಿಡಿಯನ್ನು ಅಲ್ಲಾಡಿಸಿ, ಮುಚ್ಚಳವನ್ನು ನಾಲ್ಕು ಸಲ ಹಾಕಿ ತೆಗೆದು, ಗ್ಯಾಸ್ಕೆಟ್ ಬೇರೆ ಕಡೆಯೂ ಸಿಗುತ್ತದೆಯೇ ಎಂದು ವಿಚಾರಿಸಿ, ಕಡೆಗೆ ಪಕ್ಕದ ಅಂಗಡಿಯ ರೇಟನ್ನು ಅಂಗಡಿಯವನಿಗೇ ತಿಳಿಸಿ ಬರುವವರು ನಾವು. ಸೀರೆಯ ಸೆರಗು, ಅವರೆಕಾಯಿಯ ಸೊಗಡು, ಹುಣಸೆಹಣ್ಣಿನೊಳಗಿನ ಬೀಜ, ಯಾವುದೂ ನಮ್ಮ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ. ವಿಮರ್ಶೆ ಎಂಬ ವಿದ್ಯೆ ವಿಶ್ವವಿದ್ಯಾಲಯಗಳಿಗೆ ಹೋಗುವ ಮೊದಲು ಸಂತೆಯಲ್ಲಿಯೇ ಇತ್ತು ಎಂದು ನನಗೆ ಬಲವಾದ ಗುಮಾನಿ. ಇಂಥ ನಾವು ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಮೂಕರಾಗುತ್ತೇವಲ್ಲ, ಏಕೆ? ಅಲ್ಲಿ ಮಾತಾಡುವವರು ಗಂಡ, ಇಲ್ಲವೇ ಮಗ, ಇಲ್ಲವೇ ಅಂಗಡಿಯ ಹುಡುಗ. ನಾವು ಚೀಲ ಹಿಡಿದು ಪಕ್ಕದಲ್ಲಿ ನಿಂತಿರುತ್ತೇವೆ. “ಮೇಡಂಗೆ ಈ ಗುಲಾಬಿ ಬಣ್ಣದ್ದು ಚೆನ್ನಾಗಿರುತ್ತೆ ಸಾರ್” ಎಂಬಲ್ಲಿಗೆ ನಮ್ಮ ಆಯ್ಕೆ ಮುಗಿಯುತ್ತದೆ.

ಎಷ್ಟೋ ಮನೆಗಳಲ್ಲಿ ಅಂಗಡಿಗೆ ಹೋಗುವ ಪ್ರಶ್ನೆಯೂ ಇಲ್ಲ. ಮಗ ಹೊಸದು ಕೊಂಡಾಗ ಅವನ ಹಳೆಯದು ಅಪ್ಪನಿಗೆ, ಅಪ್ಪನದು ಅಮ್ಮನಿಗೆ. ಮೂಲೆ ಒಡೆದ ಗಾಜು, ಮಧ್ಯಾಹ್ನಕ್ಕೇ ಪ್ರಾಣ ಬಿಡುವ ಬ್ಯಾಟರಿ, ಯಾರದೋ ಕ್ರಿಕೆಟ್ ಆಟಗಳು ತುಂಬಿದ ಹೊಟ್ಟೆ. ಇದನ್ನು ಕೈಗೆ ಕೊಟ್ಟು, ಅದು ತಡವರಿಸಿದಾಗ “ಅಮ್ಮನಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರಲ್ಲ” ಎಂದು ನಗುತ್ತಾರೆ. ತಡವರಿಸುತ್ತಿರುವುದು ಅಮ್ಮನಲ್ಲ, ಫೋನು.

ನನ್ನ ಅಕ್ಕನ ಮನೆಯಲ್ಲಿ ಹೋದ ವರ್ಷ ಈ ವಿಷಯ ದೊಡ್ಡದಾಯಿತು. ಸಾಗರದ ಕಡೆಯ ಹಳ್ಳಿ, ಎರಡು ಎಕರೆ ಅಡಿಕೆ ತೋಟ. ಭಾವ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಬೆಂಗಳೂರಿನ ಮಗ ಸ್ಮಾರ್ಟ್‌ಫೋನ್ ತಂದುಕೊಡುತ್ತೇನೆಂದು ಹಟ ಹಿಡಿದರೆ ಇವಳು ತನ್ನ ಗುಂಡಿಯ ಫೋನೇ ಸಾಕೆಂದು ಹಟ ಹಿಡಿದಳು. ಅವನು “ಚಿಕ್ಕಮ್ಮ, ನೀವಾದರೂ ಹೇಳಿ” ಎಂದ. ಇವಳು “ನೀನೇ ಹೇಳು ಮಾರಾಯ್ತಿ, ಯಾವುದು ಒಳ್ಳೇದು?” ಎಂದಳು. ಪಂಚಾಯ್ತಿಕೆಗೆ ಕೂತ ಮೇಲೆ ಎರಡು ಕಡೆಯ ಗುಣದೋಷವನ್ನೂ ಹೇಳಲೇಬೇಕಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಿರಿಯದು, ಗುಂಡಿಯ ಫೋನು. ನಮ್ಮ ದೇಶದಲ್ಲಿ ಮೊಬೈಲ್‌ನ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖರಾಂ ಅವರಿಗೆ ಮಾಡಿದ್ದು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಲ್ಲಿ ಆ ಪದ್ಧತಿ ಹೋಗಿ ಬರುವ ಕರೆಗಳು ಉಚಿತವಾದವು. ಅದೇ ವರ್ಷ ನೋಕಿಯಾ 1100 ಬಂತು. ತಲೆಯ ಮೇಲೊಂದು ಟಾರ್ಚು, ಧೂಳು ಹೋಗದ ಗುಂಡಿಗಳು, ಕೈಜಾರದ ಮೈ. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಮನೆಯೊಳಗಿನ ಹೆಂಗಸಿನ ಕೈಗೆ ಫೋನು ನಿಜವಾಗಿ ಬಂದದ್ದು ಈ ಎರಡೂ ಒಟ್ಟಿಗೆ ಸೇರಿದ ಮೇಲೆ ಎಂದು ನನ್ನ ಎಣಿಕೆ. ಬಂದದ್ದೇ ತಡ, ನಾವು ಅದಕ್ಕೊಂದು ಹೊಸ ಭಾಷೆಯನ್ನೂ ಕಟ್ಟಿದೆವು. ಒಂದು ರಿಂಗ್ ಎಂದರೆ ಊರು ತಲುಪಿದೆ, ಎರಡು ರಿಂಗ್ ಎಂದರೆ ನೀನೇ ಮಾಡು, ಕರೆನ್ಸಿ ಇಲ್ಲ. ಮಿಸ್ಡ್ ಕಾಲಿನ ಈ ಮಿತವ್ಯಯವನ್ನು ಯಾವ ಕಂಪನಿಯ ಎಂಜಿನಿಯರೂ ನಮಗೆ ಕಲಿಸಲಿಲ್ಲ.

ಗುಂಡಿಯ ಫೋನಿನ ದೊಡ್ಡ ಗುಣ ಅದರ ಬ್ಯಾಟರಿ. 1000 ಎಂಎಎಚ್ ಆಸುಪಾಸಿನ ಸಣ್ಣ ಬ್ಯಾಟರಿ ವಾರಗಟ್ಟಲೆ ತಡೆಯುತ್ತದೆ. ಸ್ಮಾರ್ಟ್‌ಫೋನಿನಲ್ಲಿ 5000 ಎಂಎಎಚ್ ಇದ್ದರೂ ಒಂದು ಒಂದೂವರೆ ದಿನಕ್ಕೆ ಮುಗಿಯುತ್ತದೆ. ಕಾರಣ ಸರಳ. ಅಂಗೈಯಗಲದ ಬೆಳಗುವ ಪರದೆ, ಹಿನ್ನೆಲೆಯಲ್ಲಿ ನಾವು ಕೇಳದಿದ್ದರೂ ದುಡಿಯುತ್ತಿರುವ ಹತ್ತಾರು ಆ್ಯಪ್‌ಗಳು, ಇವಕ್ಕೆಲ್ಲ ಊಟ ಬೇಕು. ಪೇಟೆಯಲ್ಲಿ ಇದು ದೊಡ್ಡ ಮಾತಲ್ಲ. ಆದರೆ ಮಲೆನಾಡಿನ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ, ಒಂಟಿ ಮನೆಯಲ್ಲಿ ಕೂತವಳಿಗೆ ಡಾಕ್ಟರನ್ನು ಕರೆಯಬಲ್ಲ ಫೋನು ಯಾವುದು ಎಂದು ಕೇಳಿದರೆ, ಅಕ್ಕ ತನ್ನ ಸೆರಗಿನ ಗಂಟಿನಿಂದ ಅದನ್ನು ತೆಗೆದು ತೋರಿಸುತ್ತಾಳೆ. ಒದ್ದೆ ಕೈಯಲ್ಲಿ, ಕನ್ನಡಕವಿಲ್ಲದೆ, ಕತ್ತಲೆಯಲ್ಲಿ, ಬೆರಳಿನ ಗುರುತಿನಲ್ಲೇ ಅದು ಕೆಲಸ ಮಾಡುತ್ತದೆ. ಸುಗ್ಗಿಯಲ್ಲಿ ಅಡಿಕೆ ಸುಲಿದ ಬೆರಳನ್ನು ಗಾಜಿನ ಫೋನು ಗುರುತಿಸಲು ಒಪ್ಪುವುದಿಲ್ಲ. ಕಪ್ಪು ಹಿಡಿದ ಬೆರಳನ್ನು ಎಷ್ಟು ಸಲ ಒತ್ತಿದರೂ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ.

ಇನ್ನು ದೋಷಗಳು. ಗುಂಡಿಯದೆಲ್ಲ ಒಂದೇ ಜಾತಿ ಎಂದುಕೊಳ್ಳಬೇಡಿ. ಬರಿಯ 2ಜಿ ಫೋನಿನಲ್ಲಿ ಜಿಯೋ ಸಿಮ್ ನಡೆಯುವುದೇ ಇಲ್ಲ, ಆ ಕಂಪನಿಗೆ 2ಜಿ ಜಾಲವೇ ಇಲ್ಲ. ಆದ್ದರಿಂದ ಕೊಳ್ಳುವಾಗ 4ಜಿ ಇದೆಯೇ, ನಮ್ಮೂರಿನ ಟವರು ಯಾರದು ಎಂದು ವಿಚಾರಿಸಿಯೇ ಕೊಳ್ಳಬೇಕು. ಎರಡನೆಯದು ಅಕ್ಷರದ ಸಂಕಟ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಂತೆ ದೇಶದಲ್ಲಿ ಮಾರುವ ಫೋನುಗಳಲ್ಲಿ ಸಂವಿಧಾನದ 22 ಭಾಷೆಗಳನ್ನೂ ಓದಲು ಬರಬೇಕು. ಬರೆಯಲು ಮಾತ್ರ ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾಷೆ ಇದ್ದರೆ ಸಾಕು. ಆ ‘ಇನ್ನೊಂದು’ ಕನ್ನಡವೇ ಆಗಿರಬೇಕೆಂದಿಲ್ಲ! ಇದ್ದರೂ ಹನ್ನೆರಡು ಗುಂಡಿಗಳಲ್ಲಿ ಒತ್ತಕ್ಷರ ಮೂಡಿಸುವುದು ಒರಳಿನಲ್ಲಿ ಚಟ್ನಿ ರುಬ್ಬಿದಂತೆ. ಬರುತ್ತದೆ, ಆದರೆ ಹಸಿವು ಕಾಯುವುದಿಲ್ಲ.

ಮೂರನೆಯ ದೋಷ ಫೋನಿನದಲ್ಲ, ಕಂಪನಿಗಳದು. ಬರೀ ಮಾತಾಡುವವರೂ ಬಹುಕಾಲ ತಮಗೆ ಬೇಡದ ಡೇಟಾ ಸೇರಿದ ಪ್ಯಾಕನ್ನೇ ಕೊಳ್ಳಬೇಕಿತ್ತು. ಊಟ ಕೇಳಿದವರಿಗೆ ಬಾಳೆಲೆಯ ಜೊತೆ ಛತ್ರದ ಬಾಡಿಗೆಯನ್ನೂ ಸೇರಿಸಿದ ಹಾಗೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಸಂಸ್ಥೆ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೂ ಇಡಲೇಬೇಕೆಂದು ನಿಯಮ ಮಾಡಿತು. 2025ರ ಜನವರಿಯಲ್ಲಿ ಅಂಥ ಪ್ಯಾಕುಗಳು ಬಂದವು. ಅಂಗಡಿಯವನು ತಾನಾಗಿ ಇದನ್ನು ಹೇಳುತ್ತಾನೆಂದು ಕಾಯಬೇಡಿ, ಬಾಯಿ ಬಿಟ್ಟು ಕೇಳಿ.

ಈಗ ಗಾಜಿನ ಫೋನಿನ ಸರದಿ. ಅದನ್ನು ಸುಮ್ಮನೆ ಬೈಯುವುದು ನಮ್ಮಲ್ಲೊಂದು ರೂಢಿಯಾಗಿದೆ. ‘ಆ ದರಿದ್ರ ಬಂದ ಮೇಲೆ ಮನೆ ಹಾಳಾಯಿತು’ ಎನ್ನುವವರೇ ಆ ಮಾತನ್ನು ಅದರಲ್ಲೇ ಬರೆದು ಐವತ್ತು ಜನರಿಗೆ ಕಳಿಸುತ್ತಾರೆ. ನಾನು ನ್ಯಾಯವಾಗಿ ಹೇಳಬೇಕೆಂದರೆ, ಓದು ಬರಹ ಕಡಿಮೆ ಇರುವವರಿಗೆ ಗುಂಡಿಯ ಫೋನಿಗಿಂತ ಇದೇ ಹೆಚ್ಚು ದಯಾಳು. ಅಕ್ಷರ ಸಣ್ಣದೆನಿಸಿದರೆ ಕುಂಬಳಕಾಯಿಯಷ್ಟು ದೊಡ್ಡದು ಮಾಡಬಹುದು. ಕನ್ನಡದಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುತ್ತದೆ. ಬರೆಯುವುದೇ ಬೇಡವೆಂದರೆ ವಾಟ್ಸಾಪಿನಲ್ಲಿ ಧ್ವನಿಯನ್ನೇ ಕಳಿಸಬಹುದು. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಶಾಲೆಗೆ ಹೋದವಳಲ್ಲ. ಹಾಸನದ ಮಗಳೊಂದಿಗೆ ದಿನವೂ ಹೀಗೆ ಧ್ವನಿಯಲ್ಲೇ ಪತ್ರವ್ಯವಹಾರ ನಡೆಸುತ್ತಾಳೆ. ಅವಳ ಅಮ್ಮನ ಕಾಲದಲ್ಲಿ ಒಂದು ಕಾರ್ಡು ಬರೆಸಲು ಊರ ಮೇಷ್ಟರ ಮುಂದೆ ಮನೆಯ ಗುಟ್ಟೆಲ್ಲ ಹೇಳಬೇಕಿತ್ತು. ಇದು ಸಣ್ಣ ಲಾಭವೇ?

ಮೊಮ್ಮಗುವಿನ ಮುಖ ನೋಡುವ ಲಾಭವನ್ನಂತೂ ನಾನು ಹೇಳಬೇಕಾಗಿಯೇ ಇಲ್ಲ. ಅಕ್ಕನ ಹಟ ಸ್ವಲ್ಪ ಸಡಿಲವಾಗಿದ್ದು ಅಲ್ಲಿಯೇ.

ಗಾಜಿನ ಫೋನಿನ ದೋಷ ಎದ್ದು ಕಾಣುವುದು ಬೆಲೆಯಲ್ಲಿ. ಅಂಗಡಿಯವನು ಕ್ಯಾಮೆರಾದ ಲೆಕ್ಕ ಹೇಳುತ್ತಾನೆ, ಎಷ್ಟು ಮೆಗಾಪಿಕ್ಸೆಲ್ ಎನ್ನುತ್ತಾನೆ. ನಾವು ಕೇಳಬೇಕಾದದ್ದು ಬೇರೆ. ‘ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ?’ ಎನ್ನಬೇಕು. ಕುಕ್ಕರಿಗೆ ಗ್ಯಾಸ್ಕೆಟ್ ಇದ್ದ ಹಾಗೆ ಇದು. ಫೋನಿನ ಒಳಗಿನ ವ್ಯವಸ್ಥೆಯನ್ನು ಆಗಾಗ ದುರಸ್ತಿ ಮಾಡಿ ಕಳಿಸುವುದು ಕಂಪನಿಯ ಕೆಲಸ. ಅದು ನಿಂತರೆ ಗಾಜು ಹೊಳೆಯುತ್ತಿದ್ದರೂ ಫೋನಿಗೆ ಮುಪ್ಪು ಬಂತೆಂದೇ ಲೆಕ್ಕ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್ 24ಕ್ಕೆ ಏಳು ವರ್ಷದ ಭರವಸೆ ಕೊಟ್ಟವು. ಅವೆಲ್ಲ ದೊಡ್ಡ ಬೆಲೆಯವು. ನಮ್ಮ ಪಾಲಿಗೆ ಬರುವ ಹತ್ತು ಹನ್ನೆರಡು ಸಾವಿರದ ಫೋನುಗಳಿಗೆ ಆ ಆಯುಸ್ಸು ಸಿಗುವುದು ಅಪರೂಪ. 2025ರ ಆರಂಭದಲ್ಲಿ ವಾಟ್ಸಾಪ್ ಆಂಡ್ರಾಯ್ಡ್ 4.4ರ ಹಳೆಯ ಫೋನುಗಳಲ್ಲಿ ಕೆಲಸ ನಿಲ್ಲಿಸಿತು. ಅವು ಕೆಟ್ಟಿರಲಿಲ್ಲ. ವಾಟ್ಸಾಪಿಗೆ ಬೇಡವಾದವು, ಅಷ್ಟೇ. ಮಗನ ಹಳೆಯ ಫೋನನ್ನು ಅಮ್ಮನಿಗೆ ದಾಟಿಸುವ ಪದ್ಧತಿಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಅಮ್ಮನ ಕೈಗೆ ಬರುವ ವೇಳೆಗೆ ಅದರ ಆಯುಸ್ಸಿನ ಬಹುಭಾಗ ಕಳೆದಿರುತ್ತದೆ.

ಹಾಗೆಂದು ಐಫೋನೇ ಬೇಕೆಂದು ನಾನು ಹೇಳುತ್ತಿಲ್ಲ. ಅದು ಬಹಳ ದಿನ ಬಾಳುತ್ತದೆ, ಅಷ್ಟೇ ಬೆಲೆಯೂ ಆಗುತ್ತದೆ. ನಮ್ಮದೇ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ಹಿಂದೆ ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ನೋಕಿಯಾದ ದೊಡ್ಡ ಕಾರ್ಖಾನೆಯಿತ್ತು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2014ರಲ್ಲಿ ಅದು ಮುಚ್ಚಿತು. ಫೋನನ್ನು ಜೋಡಿಸಲು ನಮ್ಮ ಬೆರಳು ಬೇಕು, ಆರಿಸುವಾಗ ಮಾತ್ರ ನಮ್ಮ ಬಾಯಿ ಬೇಡ!

‘ಗುಂಡಿಯ ಫೋನಿದ್ದರೆ ಮೋಸವಿಲ್ಲ’ ಎಂಬ ಮಾತನ್ನೂ ಪರೀಕ್ಷಿಸಬೇಕು. ಅದು ಅರ್ಧ ನಿಜ. ಕಳ್ಳ ಆ್ಯಪ್, ಕಳ್ಳ ಲಿಂಕು ಇವುಗಳ ಕಾಟ ಅಲ್ಲಿ ಕಡಿಮೆ. ಆದರೆ ‘ನಿಮ್ಮ ಎಟಿಎಂ ಕಾರ್ಡ್ ಬಂದ್ ಆಗಿದೆ, ಒಟಿಪಿ ಹೇಳಿ’ ಎನ್ನುವವನಿಗೆ ಬೇಕಾದದ್ದು ಒಂದು ಕಿವಿ, ಒಂದು ಎಸ್ಸೆಮ್ಮೆಸ್. ಎರಡೂ ಗುಂಡಿಯ ಫೋನಿನಲ್ಲಿವೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರ ಬಗ್ಗೆ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ‘ಮನ್ ಕಿ ಬಾತ್’ನಲ್ಲಿ ಎಚ್ಚರಿಸಿದರು. ಯಾವ ಫೋನೇ ಇರಲಿ, ಒಟಿಪಿ ಯಾರಿಗೂ ಹೇಳಬಾರದು. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಹಾಗೆಯೇ ‘ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ದುಡ್ಡು ಕಳಿಸಲು ಆಗದು’ ಎಂಬುದೂ ಪೂರ್ತಿ ನಿಜವಲ್ಲ. 2022ರ ಮಾರ್ಚ್ 8ರಂದು, ಅದೂ ಮಹಿಳಾ ದಿನದಂದೇ, ರಿಸರ್ವ್ ಬ್ಯಾಂಕ್ ಸಾದಾ ಫೋನುಗಳಿಗಾಗಿ ಯುಪಿಐ 123ಪೇ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಧ್ವನಿ ಹೇಳಿದಂತೆ ಅಂಕಿ ಒತ್ತಿ, ಇಲ್ಲವೇ ಮಿಸ್ಡ್ ಕಾಲ್ ಕೊಟ್ಟು ಹಣ ಕಳಿಸಬಹುದು. ನಮ್ಮ ಮಿಸ್ಡ್ ಕಾಲಿಗೆ ಕಡೆಗೂ ಸರ್ಕಾರಿ ಮರ್ಯಾದೆ ಸಿಕ್ಕಿತು.

ಇಷ್ಟೆಲ್ಲ ತೂಗಿ ನೋಡುತ್ತಿರುವಾಗ ಅಕ್ಕ ಒಂದು ಮಾತು ಹೇಳಿದಳು. “ಅಡಿಕೆ ದುಡ್ಡು ಬಂತಾ ಇಲ್ಲವಾ ಅಂತ ಮಗನಿಗೆ ಫೋನ್ ಮಾಡಿ ಕೇಳಬೇಕು ಕಣೇ. ಗೃಹಲಕ್ಷ್ಮಿ ದುಡ್ಡು ಬಂದಿದ್ದೂ ಅವನೇ ಹೇಳಬೇಕು.” ವಿಚಾರಿಸಿದರೆ ತಿಳಿದದ್ದು ಇಷ್ಟು. ಭಾವ ಹೋದ ಮೇಲೆ ಬ್ಯಾಂಕಿನ ಕಾಗದಗಳನ್ನೆಲ್ಲ ಓಡಾಡಿ ಮಾಡಿಸಿದವನು ಮಗ. ಅನುಕೂಲಕ್ಕೆಂದು ಅಮ್ಮನ ಖಾತೆಗೆ ತನ್ನ ನಂಬರನ್ನೇ ಕೊಟ್ಟಿದ್ದಾನೆ. ಕೆಟ್ಟ ಬುದ್ಧಿಯಿಂದಲ್ಲ, ಅವನು ಒಳ್ಳೆಯ ಹುಡುಗ. ಆದರೂ ಅಮ್ಮನ ದುಡ್ಡಿನ ಸಂದೇಶ ಬೆಂಗಳೂರಿನಲ್ಲಿ ಗುಣುಗುಟ್ಟುತ್ತದೆ, ಸಾಗರದ ಮನೆಯಲ್ಲಿ ಅಮ್ಮ ಕಾಯುತ್ತಾಳೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಆರಂಭವಾದಾಗ ತಿಂಗಳಿಗೆ 2000 ರೂಪಾಯಿ ನೇರವಾಗಿ ಮನೆಯೊಡತಿಯ ಖಾತೆಗೇ ಎಂದು ಹೇಳಿದ್ದರು. ಖಾತೆ ಅವಳದೇ, ಸುದ್ದಿ ಮಾತ್ರ ಮಗನದು. ಇಂಥ ಅಕ್ಕಂದಿರು ನಮ್ಮೂರುಗಳಲ್ಲಿ ಎಷ್ಟಿಲ್ಲ? ಗಂಡನ ನಂಬರು, ಅಳಿಯನ ನಂಬರು, ಮೈದುನನ ನಂಬರು.

ಅಲ್ಲಿಂದ ಮುಂದೆ ನನ್ನ ವಿಮರ್ಶೆಯ ದಿಕ್ಕೇ ಬದಲಾಯಿತು. ಗುಂಡಿಯೋ ಗಾಜೋ ಎಂಬುದು ಎರಡನೆಯ ಪ್ರಶ್ನೆ. ಬ್ಯಾಂಕಿನಲ್ಲಿ, ಆಧಾರಿನಲ್ಲಿ, ರೇಷನ್ ಕಾರ್ಡಿನಲ್ಲಿ ಯಾರ ನಂಬರು ಇದೆ ಎಂಬುದು ಮೊದಲ ಪ್ರಶ್ನೆ. ನಂಬರು ನಿಮ್ಮದಾಗಿ ಫೋನು ನಿಮ್ಮ ಸೆರಗಿನಲ್ಲಿದ್ದರೆ ಸಾವಿರ ಚಿಲ್ಲರೆಯ ಫೋನೂ ಯಜಮಾನಿಕೆ ಕೊಡುತ್ತದೆ. ನಂಬರು ಬೇರೆಯವರದಾದರೆ ಲಕ್ಷ ರೂಪಾಯಿಯ ಫೋನೂ ಬರಿಯ ಕನ್ನಡಿ.

ನನ್ನ ತೀರ್ಪು ಹೀಗಾಯಿತು. ಅಕ್ಕ ಪಾಸ್‌ಬುಕ್ಕು, ಆಧಾರ್ ಹಿಡಿದು ಬ್ಯಾಂಕಿಗೆ ಹೋಗಿ ತನ್ನ ನಂಬರನ್ನು ಬರೆಸಬೇಕು. ಆ ಸಿಮ್ಮು ಗುಂಡಿಯ ಫೋನಿನಲ್ಲೇ ಇರಬೇಕು, ಅದು ಮನೆಯ ತಿಜೋರಿ. ಮಗ ಕೊಡಿಸುವುದಾದರೆ ಕೊಡಿಸಲಿ, ಹಳೆಯದಲ್ಲ, ಪೆಟ್ಟಿಗೆ ಒಡೆಯದ ಹೊಸದು, ಸಾಧಾರಣ ಬೆಲೆಯದು. ಅದರಲ್ಲಿ ಬೇರೆ ಸಿಮ್ಮು, ಬ್ಯಾಂಕಿನ ಗೊಡವೆಯಿಲ್ಲ, ಮೊಮ್ಮಗುವಿನ ಮುಖ, ತಂಗಿಯ ಹರಟೆ, ಅಡಿಕೆಯ ಧಾರಣೆ. ಎರಡು ಸಿಮ್ಮಿನ ಖರ್ಚು ಬೀಳುತ್ತದೆ, ನಿಜ. ಒಂಟಿ ಮನೆಯಲ್ಲಿರುವವಳಿಗೆ ಅದು ದುಂದಲ್ಲ. ಪೇಟೆಯಲ್ಲಿರುವ, ಕರೆಂಟಿನ ತಾಪತ್ರಯವಿಲ್ಲದ, ದಿನವೂ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವ ನನ್ನಂಥವರಿಗೆ ಒಂದೇ ಸ್ಮಾರ್ಟ್‌ಫೋನ್ ಸಾಕು. ಬೇಡವೇ ಬೇಡ ಎನ್ನುವವರಿಗೆ 4ಜಿ ಗುಂಡಿಯ ಫೋನು ಸಾಕು, ಅವರನ್ನು ಹಿಂದುಳಿದವರೆಂದು ಯಾರೂ ಆಡಿಕೊಳ್ಳಬೇಕಾಗಿಲ್ಲ.

ಅಕ್ಕ ಬ್ಯಾಂಕಿಗೆ ಹೋಗಿ ಬಂದಳು. ಕೆಲವು ದಿನಗಳ ನಂತರ ಅವಳ ಫೋನಿಗೆ ಮೊದಲ ಸಂದೇಶ ಬಂತಂತೆ. ಅಂದೇ ಸಾಯಂಕಾಲ ಫೋನ್ ಮಾಡಿ ಒಂದೊಂದೇ ಅಂಕಿಯನ್ನು ಓದಿ ಹೇಳತೊಡಗಿದಳು. “ಅಯ್ಯೋ, ಅದನ್ನ ನನಗೂ ಹೇಳಬಾರದು ಮಾರಾಯ್ತಿ” ಎಂದೆ. “ಹೌದಲ್ಲ!” ಎಂದು ನಕ್ಕು ಇಟ್ಟುಬಿಟ್ಟಳು.