ಎತ್ತಿಗೊಂದು ಸೋಮವಾರ

ದಣಿದವರಿಗೆ ಈಗ ಎಲ್ಲರೂ ಕೊಡುವ ಸಲಹೆ ಒಂದೇ: ಎರಡು ದಿನ ಎಲ್ಲಾದರೂ ಹೋಗಿ ಬನ್ನಿ. ಬೆಂಗಳೂರಿನ ಕಂಪನಿ ಮ್ಯಾನೇಜರನಿಗೂ ಹುಬ್ಬಳ್ಳಿಯ ಡಾಕ್ಟರಿಗೂ ಬಾಗಲಕೋಟೆಯ ವಕೀಲರಿಗೂ ಇದೇ ಮದ್ದು. ಊರು ಬಿಟ್ಟರೆ ಮನಸ್ಸು ಹಗುರಾಗುತ್ತದೆ, ಸೋಮವಾರ ಹೊಸ ಹುರುಪಿನಿಂದ ಕುರ್ಚಿಯಲ್ಲಿ ಕೂರಬಹುದು ಎಂಬ ನಂಬಿಕೆ ಇದು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಈ ಮದ್ದಿನ ಅಂಗಡಿಗಳಾಗಿವೆ. ಮಲಪ್ರಭೆಯ ದಂಡೆ, ಕೆಂಪು ಕಲ್ಲು, ಹಳೆಯ ಗುಡಿಗಳ ಮೌನ ಎಂದು ಜಾಹೀರಾತು ಹೇಳುತ್ತದೆ. ನಂಬಿದವರು ಶನಿವಾರ ಬೆಳಿಗ್ಗೆ ಕಾರು ಹತ್ತುತ್ತಾರೆ.

ಈ ನಂಬಿಕೆ ತಪ್ಪು ಎಂದು ನಾನು ಹೇಳುತ್ತೇನೆ. ಜಾಗ ಬದಲಾದ ಮಾತ್ರಕ್ಕೆ ದಣಿವು ಆರುವುದಿಲ್ಲ. ಹೊತ್ತ ಹೊಣೆಯನ್ನು ಇನ್ನೊಬ್ಬರು ಇಸಿದುಕೊಂಡಾಗ, ಇಲ್ಲವೇ ಎಲ್ಲರೂ ಒಟ್ಟಿಗೆ ಕೆಳಗಿಟ್ಟಾಗ ಆರುತ್ತದೆ. ಐಹೊಳೆಯ ಸುತ್ತಲಿನ ಸೀಮೆಗೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ದಣಿವಾರಿಸಿಕೊಳ್ಳಲು ಬರುವ ನಾವು ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿ ಹೋಗುತ್ತೇವೆ.

ಶನಿವಾರ ಮಧ್ಯಾಹ್ನ ಐಹೊಳೆಯ ದುರ್ಗದ ಗುಡಿಯ ಎದುರು ಅರ್ಧ ಗಂಟೆ ನಿಂತರೆ ಸಾಕು. ಕಾರಿನಿಂದ ಇಳಿದವರ ಮೊದಲ ಮಾತೇ ಹೊತ್ತಿನದು. ಎರಡಕ್ಕೆ ಇಲ್ಲಿಂದ ಬಿಡಬೇಕು, ಮೂರೂವರೆಯೊಳಗೆ ಪಟ್ಟದಕಲ್ಲು ಮುಗಿಸಬೇಕು, ಬಾಗಿಲು ಹಾಕುವ ಮುಂಚೆ ಬಾದಾಮಿ ಗುಹೆ ಹತ್ತಬೇಕು. ಕಂಬಗಳ ಸಾಲಿನ ಪ್ರದಕ್ಷಿಣಾ ಪಥದಲ್ಲಿ ಒಬ್ಬ ಸುತ್ತುತ್ತಿರುತ್ತಾನೆ, ಕಿವಿಗೆ ಫೋನು. ಮಹಿಷಮರ್ದಿನಿಯ ಮುಂದೆ ನಿಂತು ಆಫೀಸಿನ ಯಾವುದೋ ಬಿಲ್ಲಿನ ವಿವರ ಕೇಳುತ್ತಿರುತ್ತಾನೆ. ನೂರಕ್ಕೂ ಹೆಚ್ಚು ಗುಡಿಗಳಿರುವ ಊರಿನಲ್ಲಿ ನಾಲ್ಕು ನೋಡಿ ಹೊರಡುತ್ತಾರೆ. ಮೇಗುತಿ ಗುಡ್ಡ ಹತ್ತಲು ಪುರುಸೊತ್ತಿಲ್ಲದೆ 634ರ ರವಿಕೀರ್ತಿಯ ಶಾಸನ ಬಿಟ್ಟುಹೋಗುತ್ತದೆ. ಪಟ್ಟಿ, ಗಡುವು, ಫೋಟೊ ಎಂಬ ವರದಿ: ಕಚೇರಿಯ ಶಿಸ್ತು ಒಂದೂ ತಪ್ಪಿಲ್ಲ.

ಲಾಡಖಾನ್ ಗುಡಿಯ ಮುಖಮಂಟಪದಲ್ಲಿ ಕಕ್ಷಾಸನಗಳಿವೆ. ಕೂತವರ ಬೆನ್ನಿಗೆ ಹಿತವಾಗಲೆಂದು ಕಲ್ಲಿನ ಒರಗನ್ನು ಹೊರಕ್ಕೆ ವಾಲಿಸಿ ಕಟೆದು, ಅದರ ಹೊರಮೈಗೆ ತುಂಬಿದ ಕಲಶಗಳನ್ನು ಬಿಡಿಸಿದ್ದಾರೆ. ಎಷ್ಟು ವಾಲಿದರೆ ಬೆನ್ನು ನೆಟ್ಟಗಾಗದೆ, ಜಾರದೆ, ಒರಗಿ ಮಾತಾಡುತ್ತ ಕೂರಬಹುದು ಎಂಬ ಲೆಕ್ಕ ಆ ಕಲ್ಲುಕುಟಿಗನಿಗಿತ್ತು. ಗುಡಿಗೆ ಬಂದವರು ಕೂರುತ್ತಾರೆ, ಬೇಗ ಏಳುವುದಿಲ್ಲ ಎಂದು ತಿಳಿದು ಮಾಡಿದ ಕೆಲಸ ಅದು. ನಮ್ಮವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೆನ್ನು ತಾಗಿಸಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ಇನ್ನು ಐಹೊಳೆಯ ಮೌನದ ಮಾತು. ಈ ಊರು ಎಂದೂ ಧ್ಯಾನಕ್ಕೆ ಮೀಸಲಾದ ಊರಾಗಿರಲಿಲ್ಲ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಇದರ ಹೆಸರನ್ನು ಹೊತ್ತು ದಕ್ಷಿಣ ಭಾರತದ ಉದ್ದಗಲ, ಶ್ರೀಲಂಕೆಯವರೆಗೆ ವ್ಯಾಪಾರ ನಡೆಸಿತು. ಸುಮಾತ್ರದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಎತ್ತಿನ ಹೇರು, ಹಡಗು, ಸುಂಕ, ಸಾಲಗಳ ನಡುವೆ ಮುಳುಗಿದ್ದ ಜನ ಅವರು. ಆಮೇಲಿನ ಕಾಲದಲ್ಲಿ ಜನ ಗುಡಿಗಳನ್ನೇ ಮನೆ ಮಾಡಿಕೊಂಡರು. ಲಾಡಖಾನ್ ಎಂಬುದು ಅಲ್ಲಿ ವಾಸವಿದ್ದವನ ಹೆಸರು. ಗೌಡರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳಲ್ಲೂ ಊರಿನ ಮಂದಿಯೇ ಇದ್ದಾರೆ. ಇವತ್ತಿಗೂ ಸ್ಮಾರಕದ ಬೇಲಿಯಾಚೆ ಬಣವೆ ಇದೆ, ದನದ ಕೊಟ್ಟಿಗೆ ಇದೆ, ನೀರು ತುಂಬುವ ಗದ್ದಲ ಇದೆ. ಪ್ರವಾಸಿಗೆ ಇದು ಮೌನದ ಊರು ಅನಿಸುವುದು ಅಲ್ಲಿನ ದುಡಿಮೆ ಅವನ ಕಣ್ಣಿಗೆ ಬೀಳದ ಕಾರಣ.

ಆ ದುಡಿಮೆಯವರು ದಣಿವನ್ನು ಹೇಗೆ ಕಂಡರು? ಈ ಭಾಗದ ರೈತರು ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹಸಿ ಆರಿ ಹೋಗುತ್ತದೆಂಬ ಆತಂಕದ ದಿನಗಳಲ್ಲೂ ಹಿರಿಯರು ಕೊರಳಿಗೆ ನೊಗ ಇಡಗೊಡುತ್ತಿರಲಿಲ್ಲ. ಇಳಕಲ್ಲು, ಗುಳೇದಗುಡ್ಡಗಳ ನೇಕಾರ ಓಣಿಗಳಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವ ರೂಢಿ ಇದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿಯುವ ನೇಕಾರನಿಗೆ ಕೂಲಿ ಸೀರೆಯ ಲೆಕ್ಕದಲ್ಲಿ, ಸುಮ್ಮನೆ ಕೂತಷ್ಟೂ ನಷ್ಟ. ಆದರೂ ಓಣಿಯ ಮಗ್ಗಗಳೆಲ್ಲ ಸುಮ್ಮನಾಗುತ್ತವೆ.

ಇದನ್ನು ಬರೀ ಭಕ್ತಿ ಎಂದು ತಳ್ಳಿಹಾಕುವುದು ಸುಲಭ. ಇದರೊಳಗಿನ ಲೆಕ್ಕ ನೋಡಿ. ಪಕ್ಕದ ಹೊಲದವನೂ ಹೂಡುವುದಿಲ್ಲ, ಎದುರು ಮನೆಯವನೂ ನೇಯುವುದಿಲ್ಲ; ಹಾಗಾಗಿ ಹಿಂದೆ ಬೀಳುವ ಭಯ ಯಾರಿಗೂ ಇಲ್ಲ. ನಮ್ಮ ರಜೆ ಒಬ್ಬೊಬ್ಬರದೂ ಬೇರೆ. ನಾವು ಬಾದಾಮಿಯಲ್ಲಿದ್ದಾಗ ಆಫೀಸು ನಡೆಯುತ್ತಲೇ ಇರುತ್ತದೆ, ಮೇಲ್ ಬೀಳುತ್ತಲೇ ಇರುತ್ತದೆ, ಮರಳಿದಾಗ ರಾಶಿ ಕಾದಿರುತ್ತದೆ. ಎರಡು ದಿನದ ರಜೆಗೆ ಮುಂಚಿನ ಎರಡು ರಾತ್ರಿ ನಿದ್ದೆಗೆಟ್ಟು ದುಡಿದು, ಬಂದ ಮೇಲೆ ಮತ್ತೆರಡು ರಾತ್ರಿ ಅದನ್ನು ತೀರಿಸುವುದಾದರೆ ಬಿಡುವು ಸಿಕ್ಕಿದ್ದೆಲ್ಲಿ?

ವಾರದ ರಜೆಯಾದರೂ ಯಾರೋ ಒಬ್ಬೊಬ್ಬರಾಗಿ ಪಡೆದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಭಾನುವಾರದ ರಜೆಯನ್ನು ಗಳಿಸಿದರು. ನಮ್ಮ ಕಾಲದಲ್ಲಿ ಗಾಳಿ ತಿರುಗಿದೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣಮೂರ್ತಿ 2023ರಲ್ಲಿ ಹೇಳಿದರು. ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾವ 2024ರಲ್ಲಿ ಕರ್ನಾಟಕದಲ್ಲಿ ಬಂತು. ನೌಕರರ ಸಂಘ ಅದನ್ನು ವಿರೋಧಿಸಬೇಕಾಯಿತು. ದುಡಿಮೆಯ ಹೊತ್ತು ಹೀಗೆ ಹಿಗ್ಗುತ್ತಿರುವಾಗ ‘ಎಲ್ಲಾದರೂ ಹೋಗಿ ಬನ್ನಿ’ ಎಂಬ ಸಲಹೆ ಯಾರಿಗೆ ಅನುಕೂಲ? ದಣಿವಿನ ತಪ್ಪನ್ನು ದಣಿದವರ ತಲೆಗೇ ಕಟ್ಟುವ ಮಾತು ಅದು. ಹೋಗಿ ಬಂದರೂ ಸುಧಾರಿಸಲಿಲ್ಲವೇ, ಹಾಗಾದರೆ ನಿನಗೇ ಬಿಡುವು ಅನುಭವಿಸಲು ಬರುವುದಿಲ್ಲ ಎಂದಂತೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಸೋಮವಾರ ಎತ್ತಿಗೆ ಬಿಡುವಾಯಿತು, ಮನೆಯ ಹೆಂಗಸಿಗೆ? ಅವಳಿಗೆ ಯಾವ ವಾರ? ಅಮಾವಾಸ್ಯೆಗೆ ಮಗ್ಗ ನಿಂತರೆ ಒಲೆಯ ಕೆಲಸ ಹೆಚ್ಚುತ್ತದೆ. ಎತ್ತಿನ ಕೊರಳನ್ನು ನೆನೆದ ಪದ್ಧತಿ ರೊಟ್ಟಿ ಬಡಿಯುವ ಕೈಯನ್ನು ಮರೆಯಿತು. ಹಳೆಯದನ್ನು ಹಾಗೆಯೇ ಎತ್ತಿ ತರೋಣ ಎನ್ನುವವರೊಂದಿಗೆ ನಾನಿಲ್ಲ.

ಆದರೆ ಅವಳಿಗೊಂದು ಪಂಚಮಿ ಇತ್ತು. ಶ್ರಾವಣದ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯುತ್ತಾನೆ. ಮೊದಲು ರೊಟ್ಟಿ ಪಂಚಮಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮನೆಮನೆಗೆ ಬೀರುವ ಸಡಗರ. ಆಮೇಲೆ ಉಂಡಿ, ಅಳ್ಳು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ. ಮಗಳು ಹಿಟ್ಟಿನ ಪರಾತಕ್ಕೆ ಕೈ ಹಾಕಿದರೆ ತಾಯಿ ಬಿಡುವುದಿಲ್ಲ: “ಸುಮ್ನ ಕುಂದರವ್ವಾ, ಅಲ್ಲಿ ದಿನಾ ಮಾಡೂದ ಐತಲ್ಲ.” ದಣಿವು ಆರುವ ಗಳಿಗೆ ಇದು. ತವರು ಎಷ್ಟು ದೂರ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹುನಗುಂದದವಳು ಸೂಳೇಭಾವಿಗೆ ಹೋದರೂ ಸಾಕು, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಕೈಯಿಂದ ಲಟ್ಟಣಿಗೆ ಕಸಿದುಕೊಳ್ಳುವ ಇನ್ನೊಂದು ಕೈ ಅಲ್ಲಿದೆ, ಅಷ್ಟೇ. ಆ ಕೆಲಸ ಕೊನೆಗೆ ಅತ್ತಿಗೆಯ ಪಾಲಿಗೆ ಬೀಳುತ್ತದೆ ಎಂಬುದೂ ನಿಜ. ಅವಳೂ ತನ್ನ ತವರಿಗೆ ಹೋಗುವ ಸರದಿ ಇದ್ದ ಮನೆಯಲ್ಲಿ ಮಾತ್ರ ಲೆಕ್ಕ ಸರಿಹೋಗುತ್ತದೆ.

ಬಿಡುವೆಂದರೆ ಶಾಂತಿ, ನಿದ್ದೆ ಎಂಬ ಮಾತನ್ನೂ ಈ ಸೀಮೆ ಒಪ್ಪಿಲ್ಲ. ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆ ಶುರುವಾದರೆ ವಾರಗಟ್ಟಲೆ ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರು, ‘ಸಂಪತ್ತಿಗೆ ಸವಾಲ್’ ಬರೆದ ಪಿ.ಬಿ. ಧುತ್ತರಗಿ ಇಬ್ಬರೂ ಹುನಗುಂದ ಸೀಮೆಯವರೇ. ಹಗಲೆಲ್ಲ ಕಡಲೆ ಕಿತ್ತ ಜನ ರಾತ್ರಿ ಟ್ರ್ಯಾಕ್ಟರ್ ಏರಿ ಬಂದು, ಪೆಟ್ಟಿಗೆ ಹಾರ್ಮೋನಿಯಂನ ಮುಂದೆ ಕೂತು, ಬೆಳಗಿನ ಜಾವ ಮನೆಗೆ ಹೋಗುತ್ತಾರೆ. ನಿದ್ದೆಗೆಟ್ಟ ಮೈ, ಆದರೂ ಮುಖದಲ್ಲಿ ಗೆಲುವು. ಊರಿಗೆ ಊರೇ ಜೊತೆಗೆ ನಕ್ಕು ಅತ್ತು ಬಂದಿರುತ್ತದೆ. ಮರುದಿನದ ಮಾತೂ ಅದೇ.

ಇಂಥ ಬಿಡುವು ಕೈತಪ್ಪಿದ ಕಡೆ ಬಾಟಲಿ ಬಂತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ ಎಂದು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ದಿನ ಶಾಲೆ, ಕಚೇರಿಗಳಲ್ಲಿ ಪ್ರತಿಜ್ಞೆ ನಡೆಯುತ್ತದೆ. ಗ್ರಾನೈಟ್ ಕ್ವಾರಿಯಲ್ಲಿ ಧೂಳು ಕುಡಿದವನಿಗೆ, ಮಗ್ಗದಿಂದ ಎದ್ದು ಸೊಂಟ ಹಿಡಿದುಕೊಂಡವನಿಗೆ ಸಂಜೆ ಆರರ ಮೇಲೆ ಹೋಗಿ ಕೂರಲು ಒಂದು ಜಾಗ, ನಾಲ್ಕು ಜನರ ಸಂಗ ಎಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಿಡುವು ಬೇಕಾದವರು ಬಿಡುವಿಲ್ಲದ ಸಾಹೇಬರು ಮಾತ್ರ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಐಹೊಳೆಗೆ ಬರಬೇಡಿ ಎನ್ನುತ್ತಿಲ್ಲ; ಬನ್ನಿ, ಲಾಡಖಾನ್ ಗುಡಿಯಲ್ಲಿ ಒರಗಿ ಕೂರಿ. ಆದರೆ ಬಾದಾಮಿಯಲ್ಲಿ ಕೋಣೆ ಬುಕ್ ಮಾಡುವ ಮುಂಚೆ ಕಚೇರಿಯಲ್ಲಿ ಒಂದು ಪ್ರಶ್ನೆ ಕೇಳಿ: ಈ ಎರಡು ದಿನ ನನ್ನ ಕೆಲಸ ಯಾರ ಕೈಯಲ್ಲಿರುತ್ತದೆ? ಹೆಸರು ಹೇಳಲಾಗದ ಮೇಲಧಿಕಾರಿ ಕೊಟ್ಟದ್ದು ರಜೆಯಲ್ಲ. ಕಂಪನಿಗಳು ವರ್ಷಕ್ಕೊಂದು ವಾರ ಬಾಗಿಲು ಹಾಕಿ ಎಲ್ಲರನ್ನೂ ಒಟ್ಟಿಗೆ ಕಳಿಸಲಿ; ಅದನ್ನು ಕೇಳಿ ಪಡೆಯಬೇಕಾದವರು ನೌಕರರು, ಲೋಖಂಡೆಯವರ ಕಾಲದ ಗಿರಣಿಯವರಂತೆ ಗುಂಪಾಗಿ. ಮನೆಯಲ್ಲೂ ಅದೇ ಪ್ರಶ್ನೆ ಇರಲಿ, ಪ್ರವಾಸದ ಚೀಲ ತುಂಬುತ್ತಿರುವವಳು ಯಾರು ಎಂದು ನೋಡಿ. ಹೋಟೆಲಿನಲ್ಲಿ ನಿಮ್ಮ ಹಾಸಿಗೆ ಸರಿಮಾಡುವ ಹುಡುಗನಿಗೆ ವಾರದ ರಜೆ ಯಾವತ್ತು ಎಂದೂ ಕೇಳಿ. ಶನಿವಾರ, ಭಾನುವಾರಗಳಂತೂ ಅವನಿಗೆ ಸಿಗುವುದಿಲ್ಲ.