ಪಟ್ಟಿ ಬಿಡಿ, ಪುಸ್ತಕ ಹಿಡಿಯಿರಿ

ವಡೋದರಾದ ಅಲ್ಕಾಪುರಿಯಲ್ಲಿ ನೆಲೆಸಿರುವ ಕನ್ನಡಿಗ ಓದುಗರೊಬ್ಬರ ಪತ್ರ ಬಂತು. ಮಗ ಅಮೆರಿಕದ ಓದಿಗಾಗಿ ಜಿಆರ್‌ಇ ಪರೀಕ್ಷೆ ಕಟ್ಟಿದ್ದಾನಂತೆ. ಕೋಚಿಂಗ್‌ನವರು ಕೊಟ್ಟ ಪದಪಟ್ಟಿಯನ್ನು ಬೆಳಗಿನ ಜಾವ ಎದ್ದು ಉರು ಹೊಡೆಯುತ್ತಾನಂತೆ. ‘ಇದರಿಂದ ಇಂಗ್ಲಿಷ್ ಬರುತ್ತದೆಯೇ ಸ್ವಾಮಿ?’ ಎಂದು ಕೇಳಿದ್ದಾರೆ.

ಬರುವುದಿಲ್ಲ ಸ್ವಾಮಿ. ಪದಪಟ್ಟಿ ಉರು ಹೊಡೆದರೆ ಭಾಷೆ ಬರುತ್ತದೆ ಎನ್ನುವ ಪಟ್ಟಿಪಂಥದವರೊಂದಿಗೆ ನನ್ನ ಜಗಳ ಹಳೆಯದು. ಅವರ ವಾದಕ್ಕೆ ಒಂದು ಕಾಲದಲ್ಲಿ ಬಲವಿತ್ತು. ಜಿಆರ್‌ಇಯಲ್ಲಿ ಒಂಟಿ ಶಬ್ದ ಕೊಟ್ಟು ಅದರ ವಿರುದ್ಧಪದ ಕೇಳುತ್ತಿದ್ದರು. ಪಟ್ಟಿ ನುಂಗಿದವನು ಗೆಲ್ಲುತ್ತಿದ್ದ. 2011ರ ಆಗಸ್ಟ್‌ನಲ್ಲಿ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಆ ಪ್ರಶ್ನೆಗಳನ್ನು ಕಿತ್ತುಹಾಕಿತು. ಈಗ ಇಡೀ ವಾಕ್ಯ ಕೊಡುತ್ತಾರೆ. ಖಾಲಿ ಜಾಗಕ್ಕೆ ಹೊಂದುವ ಮಾತನ್ನು ಆರಿಸಬೇಕು. ಒಂದು ಬಗೆಯ ಪ್ರಶ್ನೆಯಲ್ಲಂತೂ ಆರು ಪದಗಳಲ್ಲಿ ಎರಡನ್ನು ಆರಿಸಬೇಕು, ಯಾವುದನ್ನು ಇಟ್ಟರೂ ವಾಕ್ಯದ ಅರ್ಥ ಒಂದೇ ಆಗಬೇಕು. ಪರೀಕ್ಷೆ ಬದಲಾಯಿತು, ಪಟ್ಟಿ ಮಾರುವವರು ಮಾತ್ರ ಬದಲಾಗಲಿಲ್ಲ.

ಪಟ್ಟಿ ಎಲ್ಲಿ ಕೈಕೊಡುತ್ತದೆ ಎಂದು ನೋಡಿ. ‘ಫ್ರೂಗಲ್’, ‘ಪಾರ್ಸಿಮೋನಿಯಸ್’ ಎರಡರ ಎದುರಿಗೂ ‘ಕಡಿಮೆ ಖರ್ಚು ಮಾಡುವವ’ ಎಂದು ಬರೆದಿರುತ್ತದೆ. ಅದನ್ನು ನಂಬಿ ಹುಡುಗ ತನ್ನ ಅರ್ಜಿಯ ಪ್ರಬಂಧದಲ್ಲಿ ‘ನನ್ನ ತಂದೆ ಪಾರ್ಸಿಮೋನಿಯಸ್, ಅವರಿಂದಲೇ ನಾನಿಲ್ಲಿದ್ದೇನೆ’ ಎಂದು ಬರೆದರೆ, ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ಅಪ್ಪನನ್ನು ಹೊಗಳುವ ಬದಲು ಜುಗ್ಗ ಎಂದು ಜರೆದಂತಾಯಿತು. ಡಿಕನ್ಸ್‌ನ ಜುಗ್ಗ ಸ್ಕ್ರೂಜ್ ಜೊತೆ ನಾಲ್ಕು ಸಂಜೆ ಕಳೆದವನು ಈ ಎಡವಟ್ಟು ಮಾಡಲಾರ. ಯಾವ ಮಾತು ಯಾರ ಬಾಯಲ್ಲಿ, ಯಾವ ದನಿಯಲ್ಲಿ ಬಂತು ಎಂಬುದು ಅವನ ಕಿವಿಗೆ ಬಿದ್ದಿರುತ್ತದೆ.

ಬಾಯಿಪಾಠದಿಂದ ಭಾಷೆ ಬಾರದು ಎಂಬುದಕ್ಕೆ ಅಲ್ಕಾಪುರಿಯವರು ನನ್ನ ಸಾಕ್ಷಿ ಕೇಳಬೇಕಾಗಿಲ್ಲ. ರೈಲು ನಿಲ್ದಾಣ ದಾಟಿ ಸಯಾಜಿಗಂಜ್ ಕಡೆ ಬಂದರೆ ಹಳೆಯ ಬರೋಡಾ ಕಾಲೇಜು, ಇಂದಿನ ವಿಶ್ವವಿದ್ಯಾಲಯದ ಕಲಾ ವಿಭಾಗ. ವಿಜಯಪುರದ ಗೋಲಗುಮ್ಮಟ ಕಂಡವರು ಈ ಕಾಲೇಜಿನ ಗುಮ್ಮಟದ ಮುಂದೆ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ಹದಿನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ಬೆಳೆದು, ಕೇಂಬ್ರಿಜ್‌ನಲ್ಲಿ ಓದಿ, 1893ರಲ್ಲಿ ಬರೋಡಾದ ದೊರೆ ಗಾಯಕವಾಡರ ಸೇವೆಗೆ ಬಂದ ಅರವಿಂದ ಘೋಷರು ಇಂಗ್ಲಿಷ್ ಕಲಿಸಿದ್ದು ಈ ಕಾಲೇಜಿನಲ್ಲಿ. ಅಲ್ಲಿನ ಹುಡುಗರನ್ನು ಕಂಡು ತಾವು ಬೆರಗಾದದ್ದನ್ನು ಅವರು ಮುಂದೆ ಪಾಂಡಿಚೇರಿಯಲ್ಲಿ ಶಿಷ್ಯರಿಗೆ ಹೇಳಿದ್ದಾರೆ. ಮೇಷ್ಟರು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳುವುದು, ಬಾಯಿಪಾಠ ಮಾಡುವುದು. ಸಾಲದ್ದಕ್ಕೆ ಬಾಂಬೆಯ ಪ್ರಾಧ್ಯಾಪಕರ ನೋಟ್ಸ್ ತರಿಸುವುದು, ಅವರೇ ಪರೀಕ್ಷಕರಾಗುವ ಸುಳಿವಿದ್ದರಂತೂ ತಪ್ಪದೆ ತರಿಸುವುದು! ಒಮ್ಮೆ ಇಂಗ್ಲಿಷ್ ಕವಿ ಸೌದಿ ಬರೆದ ನೆಲ್ಸನ್ ಚರಿತ್ರೆಯ ಪಾಠ ನಡೆದಿತ್ತು. ‘ನೀವು ಹೇಳುವುದು ನೋಟ್ಸ್‌ನಲ್ಲಿ ಇರುವಂತಿಲ್ಲವಲ್ಲ’ ಎಂದರು ಹುಡುಗರು. ತಾನು ಆ ನೋಟ್ಸ್ ಓದಿಯೇ ಇಲ್ಲ, ಹೇಗಿದ್ದರೂ ಅದೆಲ್ಲ ಕಸ ಎಂದುಬಿಟ್ಟರು ಘೋಷ್ ಮೇಷ್ಟರು. ನನ್ನ ಪಾಲಿಗೆ ಕೋಚಿಂಗ್ ಯುಗದ ಮೇಲಿನ ಮೊದಲ ಟೀಕೆಯೇ ಅದು.

ಅವರ ಶಬ್ದಸಂಪತ್ತು ಹೇಗೆ ಬೆಳೆಯಿತು ಎಂಬುದಕ್ಕೂ ಕಣ್ಣಾರೆ ಕಂಡವರ ಮಾತಿದೆ. ಅರವಿಂದರಿಗೆ ಬಂಗಾಳಿ ಕಲಿಸಲು ಬಂದು ಅದೇ ಮನೆಯಲ್ಲಿದ್ದ ಲೇಖಕ ದೀನೇಂದ್ರಕುಮಾರ ರಾಯ್ ಬರೆದಿಟ್ಟಿದ್ದಾರೆ: ಬಾಂಬೆಯ ಅಂಗಡಿಗಳಿಂದ ಪುಸ್ತಕಗಳು ರೈಲ್ವೆ ಪಾರ್ಸೆಲ್‌ನಲ್ಲಿ ಪೆಟ್ಟಿಗೆಗಟ್ಟಲೆ ಬರುತ್ತಿದ್ದವು, ಯಜಮಾನರು ಸೊಳ್ಳೆ ಕಡಿತವನ್ನೂ ಲೆಕ್ಕಿಸದೆ ದೀಪದ ಬೆಳಕಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಓದುತ್ತಿದ್ದರು. ಇಂಗ್ಲಿಷಿನಲ್ಲಿ ಪಂಡಿತನಾದವನು ತಾಯ್ನುಡಿಯನ್ನು ಮನೆಗೆ ಮೇಷ್ಟರನ್ನು ಕರೆಸಿಕೊಂಡು ಕಲಿತ ಎಂಬುದನ್ನು ಮಕ್ಕಳಿಗೆ ಕನ್ನಡ ಬಿಡಿಸಿರುವ ನಮ್ಮ ತಂದೆತಾಯಂದಿರು ಸ್ವಲ್ಪ ಗಮನಿಸಲಿ.

ಪುಸ್ತಕಕ್ಕೆ ದುಡ್ಡೆಲ್ಲಿ ಎನ್ನುವವರಿಗೂ ಬರೋಡಾ ಉತ್ತರ ಕೊಟ್ಟಿದೆ. ಅಲ್ಲಿನ ದೊರೆ ಸಯಾಜಿರಾವ್ ಗಾಯಕವಾಡ ಮಹಾರಾಜರು ಅಮೆರಿಕದ ಗ್ರಂಥಪಾಲಕ ವಿಲಿಯಂ ಬಾರ್ಡನ್‌ರನ್ನು ಕರೆಸಿ 1910ರಲ್ಲಿ ಸೆಂಟ್ರಲ್ ಲೈಬ್ರರಿಗೆ ಅಡಿಪಾಯ ಹಾಕಿಸಿದರು. ಬರೋಡಾ ಸಂಸ್ಥಾನದ ಸಂಚಾರಿ ಪುಸ್ತಕ ಪೆಟ್ಟಿಗೆಗಳು ಹಳ್ಳಿಹಳ್ಳಿಗೆ ಹೋಗುತ್ತಿದ್ದವು.

ಪಟ್ಟಿಯನ್ನು ಪೂರ್ತಿ ಒಲೆಗೆ ಹಾಕಿ ಎನ್ನುತ್ತಿಲ್ಲ. ಪರೀಕ್ಷೆ ಎದೆಯ ಮೇಲೆ ಬಂದಾಗ, ಓದಿನಲ್ಲಿ ಮೊದಲೇ ಕಂಡ ಮುಖಗಳನ್ನು ಗುರುತಿಸಿಕೊಳ್ಳಲು ಅದು ಸಾಕು. ಅದರಾಚೆಗೆ ಅದಕ್ಕೆ ಬೆಲೆಯಿಲ್ಲ. ನಿಮ್ಮ ಮಗನಿಗೆ ಹೀಗೆ ಹೇಳಿ: ತನಗೆ ಇಷ್ಟವಾದ ಒಂದು ಇಂಗ್ಲಿಷ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಲಿ. ತೊಡಕಿನ ಶಬ್ದಕ್ಕೆ ಗೆರೆ ಎಳೆದು ಮುಂದೆ ಸಾಗಲಿ. ಅಧ್ಯಾಯ ಮುಗಿದ ಮೇಲೆ ನಿಘಂಟು ತೆರೆಯಲಿ. ನೋಟ್‌ಬುಕ್ಕಿನಲ್ಲಿ ಶಬ್ದದ ಅರ್ಥವೊಂದನ್ನೇ ಅಲ್ಲ, ಅದು ಬಂದ ಪೂರ್ತಿ ವಾಕ್ಯವನ್ನು ಬರೆದುಕೊಂಡು, ಕೆಳಗೆ ತನ್ನದೇ ಒಂದು ವಾಕ್ಯ ಸೇರಿಸಲಿ. ಕೋಚಿಂಗ್‌ಗೆ ಕಟ್ಟಿದ ದುಡ್ಡು ಹೋದರೆ ಹೋಗಲಿ, ಇವತ್ತೇ ಒಂದು ಲೈಬ್ರರಿ ಕಾರ್ಡ್ ಮಾಡಿಸಿಕೊಡಿ.