ಟ್ರಾಪಿಸ್ಟ್-1: ಒಂದು ಪಟ್ಟಿಯ ವ್ಯಾಖ್ಯಾನ

ಕುಂಭ ರಾಶಿಯ ಟ್ರಾಪಿಸ್ಟ್-1 ಅತಿ ತಂಪಿನ ಕುಬ್ಜ ನಕ್ಷತ್ರ. ಅದರ ಬಗ್ಗೆ ಅಳೆದು ತಿಳಿದ ಮುಖ್ಯ ಸಂಗತಿಗಳು ಕೆಲವೇ ಸಾಲುಗಳಲ್ಲಿ ಮುಗಿಯುತ್ತವೆ. ಆದರೆ ಯಾವ ಅಂಕಿ ಯಾವುದರ ಆಸರೆಯಲ್ಲಿ ನಿಂತಿದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅದನ್ನು ಬಿಡಿಸಿ ಹೇಳಲು ಈ ವ್ಯಾಖ್ಯಾನ.

“ರೋಹಿತ ವರ್ಗ: ಎಂ8”

ಎಂ ವರ್ಗ ಕೆಂಪು ನಕ್ಷತ್ರಗಳದ್ದು. ಎಂ7 ಮತ್ತು ಅದಕ್ಕೂ ತಂಪಾದವು ‘ಅತಿ ತಂಪು’. ಇಷ್ಟು ಕಡಿಮೆ ತಾಪದಲ್ಲಿ ಅಣುಗಳು ಒಡೆಯದೆ ಉಳಿಯುತ್ತವೆ. ಟೈಟಾನಿಯಂ ಆಕ್ಸೈಡ್, ವನೇಡಿಯಂ ಆಕ್ಸೈಡ್, ನೀರಾವಿ ಬೆಳಕನ್ನು ಹೀರಿ ರೋಹಿತದಲ್ಲಿ ಅಗಲವಾದ ಹಳ್ಳ ತೋಡುತ್ತವೆ. ಆ ಹಳ್ಳಗಳನ್ನು ಮಾದರಿ ನಕ್ಷತ್ರಗಳೊಂದಿಗೆ ಹೋಲಿಸಿ ವರ್ಗ ಹೇಳುತ್ತಾರೆ.

“ಪ್ಯಾರಲಾಕ್ಸ್: 80.21 ಮಿಲಿ ಆರ್ಕ್‌ಸೆಕೆಂಡ್, ದೋಷ 0.07”

ಇಡೀ ಪಟ್ಟಿಯ ಬೇರು ಇದು. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ದೂರದ ನಕ್ಷತ್ರಗಳ ಹಿನ್ನೆಲೆಯಲ್ಲಿ ಅತ್ತಿತ್ತ ಸರಿದಂತೆ ಕಾಣುತ್ತದೆ. ಆ ಓಲಾಟದ ಅರ್ಧವೇ ಈ ಕೋನ. ಒಂದು ರೂಪಾಯಿ ನಾಣ್ಯವನ್ನು ಐವತ್ತು ಕಿಲೋಮೀಟರಿಗೂ ಆಚೆ ಇಟ್ಟರೆ ಅದರ ಅಗಲ ಇಷ್ಟೇ ಕಂಡೀತು. ತೊಡಕು ಇನ್ನೊಂದಿದೆ: ನಕ್ಷತ್ರ ತಾನೂ ಓಡುತ್ತಿದೆ, ವರ್ಷಕ್ಕೆ ಈ ಕೋನದ ಸುಮಾರು 13 ಪಟ್ಟು. ಹೀಗಾಗಿ ಆಕಾಶದಲ್ಲಿ ಅದರ ದಾರಿ ಬಳುಕುತ್ತಾ ಸಾಗುತ್ತದೆ. ನೇರ ಓಟವನ್ನು ಕಳೆದ ಮೇಲೆ ಉಳಿಯುವ ಬಳುಕೇ ಪ್ಯಾರಲಾಕ್ಸ್. ಎರಡು ಸಲ ನೋಡಿದರೆ ಸಾಲದು, ವರ್ಷಗಟ್ಟಲೆ ನೋಡಬೇಕು.

2006ರಲ್ಲಿ ಚಿಲಿಯಿಂದ ಅಳೆದಾಗ ಬಂದದ್ದು 82.58, ದೋಷ 2.58. 2022ರಲ್ಲಿ ಹೊರಬಂದ ಗಯಾ ಉಪಗ್ರಹದ ಮಾಹಿತಿಯಲ್ಲಿ ದೋಷ ಅದರ ಸುಮಾರು 36ನೇ ಒಂದು ಪಾಲಿನಷ್ಟಾಯಿತು. 1000ವನ್ನು 80.21ರಿಂದ ಭಾಗಿಸಿದರೆ 12.47 ಪಾರ್ಸೆಕ್, ಅಂದರೆ 40.7 ಜ್ಯೋತಿರ್ವರ್ಷ. ಟ್ರಾಪಿಸ್ಟ್-1ಕ್ಕಿಂತ ಬಹಳ ತಂಪಾದ ಕಾಯಗಳು ಗಯಾದ ಕಣ್ಣಿಗೆ ಬೀಳುತ್ತಿರಲಿಲ್ಲ. 2014ರಲ್ಲಿ ಕೆವಿನ್ ಲುಹ್ಮನ್ ಪ್ರಕಟಿಸಿದ ವೈಸ್ 0855 ಎಂಬ ಅಂಥ ತಂಪು ಕಾಯ ನಮ್ಮಿಂದ ಏಳೂವರೆ ಜ್ಯೋತಿರ್ವರ್ಷದೊಳಗೇ ಇದ್ದರೂ ಅದರ ದೂರವನ್ನು ಸ್ಪಿಟ್ಜರ್‌ನಂಥ ಅವಕೆಂಪು ದೂರದರ್ಶಕಗಳ ನೆರವಿನಿಂದಲೇ ಅಳೆಯಬೇಕಾಯಿತು.

“ಉಜ್ವಲತೆ: ಸೂರ್ಯನದರ 0.00055 ಪಾಲು”

ಈ ನಕ್ಷತ್ರ ತನ್ನ ಬೆಳಕಿನ ಬಹುಪಾಲನ್ನು ಅವಕೆಂಪಿನಲ್ಲಿ ಚೆಲ್ಲುತ್ತದೆ. ಎಲ್ಲ ತರಂಗಾಂತರಗಳಲ್ಲಿ ಬಂದ ಬೆಳಕನ್ನು ಕೂಡಿಸಿ ದೂರದ ವರ್ಗದಿಂದ ಗುಣಿಸಬೇಕು. ದೂರದಲ್ಲಿ ಶೇ. 3 ತಪ್ಪಿದ್ದರೆ ಇಲ್ಲಿ ಶೇ. 6 ಆಗುತ್ತದೆ. ಗಯಾ ಬಂದ ಮೇಲೆ ಆ ಚಿಂತೆ ಕಳೆಯಿತು.

“ದ್ರವ್ಯರಾಶಿ: ಸೂರ್ಯನದರ 0.09 ಪಾಲು”

ಒಂಟಿ ನಕ್ಷತ್ರವನ್ನು ನೇರವಾಗಿ ತೂಗಲಾಗದು. ಒಂದನ್ನೊಂದು ಸುತ್ತುವ ಜೋಡಿಗಳನ್ನು ಕಕ್ಷೆಯಿಂದ ತೂಗಿ, ಅವುಗಳ ಅವಕೆಂಪು ಪ್ರಕಾಶಕ್ಕೂ ರಾಶಿಗೂ ಇರುವ ನಂಟನ್ನು ಗುರುತಿಸಿ, ಅದನ್ನೇ ಇಲ್ಲಿಗೆ ಅನ್ವಯಿಸುತ್ತಾರೆ. ಇಲ್ಲಿಯೂ ದೂರ ಬೇಕು. ಜಲಜನಕ ಉರಿಯಲು ಬೇಕಾದ ಕನಿಷ್ಠ ರಾಶಿ ಸುಮಾರು 0.075; ಅದಕ್ಕಿಂತ ಕೆಳಗಿದ್ದಿದ್ದರೆ ಇದು ಕಂದು ಕುಬ್ಜವಾಗುತ್ತಿತ್ತು.

“ತ್ರಿಜ್ಯ: ಸೂರ್ಯನದರ 0.119 ಪಾಲು, ತಾಪ: 2566 ಕೆಲ್ವಿನ್”

ನನಗೆ ಅತ್ಯಂತ ಮೆಚ್ಚುಗೆಯಾಗುವ ಸಾಲು ಇದು. ಏಳು ಗ್ರಹಗಳು ಈ ನಕ್ಷತ್ರದ ಮುಂದೆ ಹಾದುಹೋಗುತ್ತವೆ. ಹಾದುಹೋಗಲು ತೆಗೆದುಕೊಳ್ಳುವ ಹೊತ್ತು ಮತ್ತು ಸುತ್ತಿನ ಅವಧಿ ಗೊತ್ತಿದ್ದರೆ ಕೆಪ್ಲರ್ ನಿಯಮದಿಂದ ನಕ್ಷತ್ರದ ಸಾಂದ್ರತೆ ಸಿಗುತ್ತದೆ: ಸೂರ್ಯನ 53 ಪಟ್ಟು. ರಾಶಿ ಗೊತ್ತಿರುವುದರಿಂದ ತ್ರಿಜ್ಯ ತಾನಾಗಿ ಬಂತು. ಬೆಲ್ಜಿಯಂನ ಮಿಕಾಯೆಲ್ ಜಿಯೋಂ ತಂಡ 2016ರಲ್ಲಿ ಮೊದಲ ಗ್ರಹಗಳನ್ನು ಪ್ರಕಟಿಸಿದಾಗ ಬಳಸಿದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯ ಹಿಮಾಲಯನ್ ಚಂದ್ರವೂ ಒಂದು. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ.

ಉಜ್ವಲತೆ, ತ್ರಿಜ್ಯ ಎರಡೂ ಕೈಗೆ ಬಂದ ಮೇಲೆ ತಾಪ ಬರಿಯ ಲೆಕ್ಕ. ರೋಹಿತದಿಂದ ನೇರವಾಗಿ ತಾಪ ಓದುವುದು ಇಂಥ ನಕ್ಷತ್ರಗಳಲ್ಲಿ ನೆಚ್ಚಿಕೊಳ್ಳುವ ಮಾತಲ್ಲ, ಏಕೆಂದರೆ ಅಣುಗಳ ಗೋಜಲನ್ನು ಮಾದರಿಗಳು ಇನ್ನೂ ಪೂರ್ತಿ ಬಿಡಿಸಿಲ್ಲ. ಸಿಕ್ಕ ತ್ರಿಜ್ಯವೂ ಮಾದರಿಗಳು ಹೇಳುವುದಕ್ಕಿಂತ ದೊಡ್ಡದು. ಗ್ರಹಗಳ ಗಾತ್ರವನ್ನು ನಕ್ಷತ್ರದ ತ್ರಿಜ್ಯದ ಪಾಲಾಗಿಯೇ ಅಳೆಯುವುದರಿಂದ ಈ ವ್ಯತ್ಯಾಸ ಸಣ್ಣದೆಂದು ಬಿಡುವಂತಿಲ್ಲ.

“ವಯಸ್ಸು: 760 ಕೋಟಿ ವರ್ಷ, ದೋಷ 220 ಕೋಟಿ”

ಇಲ್ಲಿ ದೂರವೂ ಹೆಚ್ಚು ನೆರವಾಗದು. ಇಂಥ ನಕ್ಷತ್ರ ಒಮ್ಮೆ ಕುಗ್ಗಿ ನೆಲೆಗೊಂಡರೆ ಸಾವಿರ ಕೋಟಿ ವರ್ಷವಾದರೂ ಹೆಚ್ಚು ಬದಲಾಗುವುದಿಲ್ಲ. ಆಕಾಶಗಂಗೆಯಲ್ಲಿ ಅದರ ಓಟ, ಲಿಥಿಯಂ ಕಾಣದಿರುವುದು, ಲೋಹಾಂಶ, ತನ್ನ ಸುತ್ತ ತಿರುಗುವ ವೇಗ, ಹೀಗೆ ಹಲವು ಸುಳಿವುಗಳನ್ನು ಕೂಡಿಸಿ ಹೇಳಿದ ಅಂಕಿ ಇದು. ಅದರ ಕೆಳ ತುದಿ 540 ಕೋಟಿ. ಸೂರ್ಯನಿಗೆ 460 ಕೋಟಿ.